ತೆಂಗಿನ ನಾಡಿನಿಂದ ತೆಂಗಿನ ದ್ವೀಪಕ್ಕೆ

ತುಮಕೂರಿನಿಂದ ಅರಸೀಕೆರೆಯತ್ತ ಸಾಗುವ ರೈಲು ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಬಳಿಕ ‘ಸಂಪಿಗೆ ರೋಡ್’ ಎಂಬ ಚಿಕ್ಕ ನಿಲ್ದಾಣವೊಂದು ಎದುರಾಗುತ್ತದೆ. ಕಿಟಕಿಯ ಬಳಿ ಕುಳಿತ ಪ್ರಯಾಣಿಕನು ಆ ಹೆಸರನ್ನು ಓದಿ ಮುಗಿಸುವಷ್ಟರಲ್ಲಿ ಫಲಕವು ಹಿಂದೆ ಸರಿದು, ಮತ್ತೆ ತೆಂಗಿನ ತೋಟಗಳ ಸಾಲು ತೊಡಗಿರುತ್ತದೆ. ನಿಲ್ದಾಣಕ್ಕೆ ಹೆಸರು ಕೊಟ್ಟ ಸಂಪಿಗೆ ಗ್ರಾಮವು ತುರುವೇಕೆರೆ ತಾಲ್ಲೂಕಿಗೆ ಸೇರಿದುದು. ಅಲ್ಲಿಂದ ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಎತ್ತ ನೋಡಿದರೂ ಕಣ್ಣಿಗೆ ಬೀಳುವುದು ತೆಂಗು. ಮದುವೆ, ಮನೆ, ಮಗನ ಓದು, ಕೊಳವೆ ಬಾವಿ ಎಲ್ಲವೂ ಇಲ್ಲಿ ಆ ಮರದ ಲೆಕ್ಕದಲ್ಲಿಯೇ ನಡೆಯತಕ್ಕದ್ದು.

ಇಷ್ಟಾಗಿಯೂ ಇದು ಕಡಲು ಕಾಣದ ತೆಂಗು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮಂಗಳೂರಿನ ಕರೆಗೆ ಘಟ್ಟವಿಳಿದು 200 ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು. ಆದರೂ ಮರವು ತನ್ನ ತವರನ್ನು ಮರೆತಿಲ್ಲ. ಕಾಯಿಯ ಸುತ್ತ ನಾರಿನ ದಪ್ಪ ಮಟ್ಟೆ ಇರುವುದು ಅದು ನೀರಿನ ಮೇಲೆ ತೇಲಿ, ದೂರದ ಮರಳ ದಂಡೆಯನ್ನು ಸೇರಿ ಮೊಳೆಯಲೆಂದೇ. ಸಂಪಿಗೆಯ ರೈತನು ಮಚ್ಚು ಹಿಡಿದು ದಿನವೂ ಸುಲಿಯುವ ಮಟ್ಟೆ, ನಿಜವಾಗಿ ನೋಡಿದರೆ, ಒಂದು ಪುಟ್ಟ ದೋಣಿ.

ಅಂಥ ದೋಣಿಗಳ ನಡುವೆ ಆಯುಷ್ಯ ಕಳೆದ ಅಜ್ಜಿಯೊಬ್ಬಳು, ‘ಸಮುದ್ರ ಅಂದ್ರೆ ನಮ್ಮ ಮಲ್ಲಾಘಟ್ಟದ ಕೆರೆಗಿಂತ ದೊಡ್ಡದೇನಪ್ಪಾ?’ ಎಂದು ಮಗನನ್ನು ಕೇಳಿದರೆ ನಗಬೇಕಾದುದಿಲ್ಲ. ಮೊಮ್ಮಕ್ಕಳು ಕೈಯ ಫೋನಿನಲ್ಲಿ ಈಜುಕೊಳ, ನಾಟಕಶಾಲೆಗಳುಳ್ಳ ವಿಹಾರ ನೌಕೆಗಳ ಚಿತ್ರ ತೋರಿಸುವ ಕಾಲವಿದು. ಒಮ್ಮೆ ಹಡಗು ಹತ್ತಬೇಕೆಂಬ ಆಸೆ ಸಂಪಿಗೆಯಂಥ ಊರಿನ ಮನೆಗಳಿಗೂ ಬಂದಿದ್ದರೆ ಅದು ತಪ್ಪಲ್ಲ. ಕೈಯಲ್ಲಿರುವ ಹಣಕ್ಕೆ ಯಾವ ಹಡಗು, ಯಾವ ಕಾಲ, ಯಾವ ಲೆಕ್ಕ ಎಂಬುದೇ ವಿಚಾರ.

ಹಣವೆಂದರೆ ಇಲ್ಲಿ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ವರ್ಷದವರೆಗೆ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಸದ್ದು ಬರಬೇಕು. ಅನಂತರವೇ ಸುಲಿತ, ಅನಂತರವೇ ತಿಪಟೂರಿನ ಮಾರುಕಟ್ಟೆ. ಒಂದು ಕ್ವಿಂಟಲ್ ಕೊಬ್ಬರಿಗೆ ನೂರಾರು ಕಾಯಿ ಬೇಕು. ಇಷ್ಟು ಕಾದು ತಂದ ಮಾಲಿಗೆ ಬೆಲೆ ಎಷ್ಟೆಂಬುದು ಮಾತ್ರ ರೈತನ ಕೈಯಲ್ಲಿಲ್ಲ. 2023ರಲ್ಲಿ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಸಾರಿದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಪೇಟೆಯ ಬೆಲೆ ಅದರ ಎರಡರಷ್ಟನ್ನೂ ದಾಟಿತು. ಆದರೆ ಆ ಏರಿಕೆಯ ಹಿಂದೆ ಕಪ್ಪುತಲೆ ಹುಳು, ಬಿಳಿನೊಣಗಳಿಂದ ಸೊರಗಿದ ಮರಗಳಿದ್ದುವು. ಬೆಲೆ ಬಂದಾಗ ಕಾಯಿಯಿಲ್ಲ, ಕಾಯಿ ಇದ್ದಾಗ ಬೆಲೆಯಿಲ್ಲ ಎಂಬ ಮಾತು ಈ ನಾಡಿನಲ್ಲಿ ಬರಿಯ ನಿಟ್ಟುಸಿರಲ್ಲ, ವರ್ಷದ ಲೆಕ್ಕ.

ಆದುದರಿಂದ ಇಲ್ಲಿಯ ಮನೆಯೊಂದು ಹಡಗಿನ ಯೋಜನೆ ಹಾಕುವುದಾದರೆ ಮೊದಲನೆಯ ಸೂತ್ರವನ್ನು ಅಟ್ಟದಿಂದಲೇ ಕಲಿಯಬಹುದು: ಒಣಗದ ಕಾಯಿಯನ್ನು ಒಡೆಯಬಾರದು. ಮಾರಿ ಕೈಗೆ ಬಂದ ಹಣದಲ್ಲಿ ಗೊಬ್ಬರ, ಕೂಲಿ, ಬ್ಯಾಂಕಿನ ಕಂತುಗಳನ್ನು ತೆಗೆದಿರಿಸಿ, ಉಳಿದುದರಲ್ಲಿ ಒಂದು ಪಾಲನ್ನು ಹಡಗಿಗೆಂದು ಬೇರೆ ಇಡುವುದು ಲೇಸು. ಮುಂದಿನ ಸುಗ್ಗಿಯ ಬೆಲೆಯನ್ನು ನಂಬಿ ಸಾಲ ಮಾಡಿ ಹೊರಟವನಿಗೆ ಅಲೆಯ ಮೇಲೆಯೂ ನಿದ್ದೆ ಬಾರದು.

ಎರಡನೆಯದು ಹಡಗಿನ ಆಯ್ಕೆ. ನವಮಂಗಳೂರು ಬಂದರಿಗೆ ಋತುವಿನಲ್ಲಿ ವಿದೇಶೀ ವಿಹಾರ ನೌಕೆಗಳು ಬಂದು ಹೋಗುವುದುಂಟು. ಆದರೆ ಅವು ದೂರದ ದೇಶಗಳಲ್ಲಿ ಯಾನ ಆರಂಭಿಸಿದವರನ್ನು ಒಂದು ಹಗಲು ಇಳಿಸಿ, ಸಂಜೆಗೆ ಹತ್ತಿಸಿಕೊಂಡು ಹೋಗುವಂಥವು. ಘಟ್ಟವಿಳಿದು ಬಂದವರಿಗೆ ದೂರದಿಂದ ನೋಡುವ ಭಾಗ್ಯ ಮಾತ್ರ. ದೇಶದೊಳಗಿನ ಪ್ರವಾಸಿಗರಿಗಾಗಿಯೇ ‘ಕಾರ್ಡೆಲಿಯಾ’ ಸಂಸ್ಥೆಯ ‘ಎಂಪ್ರೆಸ್’ ಎಂಬ ನೌಕೆಯು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ತೊಡಗಿತು. 1990ರಲ್ಲಿ ಕಟ್ಟಲಾದ ಈ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಸಂಚರಿಸಿದೆ. ಅದು ತೇಲುವ ಹೋಟೆಲು. ಊಟ, ಆಟ, ಸಂಗೀತ ಎಲ್ಲವೂ ಅದರೊಳಗೇ.

ಇಂಥ ನೌಕೆಗಳ ಜಾಹೀರಾತನ್ನು ಕೊಬ್ಬರಿ ದಲ್ಲಾಳಿಯ ಚೀಟಿಯನ್ನು ಓದುವ ಎಚ್ಚರಿಕೆಯಿಂದಲೇ ಓದಬೇಕು. ದಪ್ಪಕ್ಷರದ ಬೆಲೆ ಸಾಮಾನ್ಯವಾಗಿ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂಬ ಲೆಕ್ಕದಲ್ಲಿ. ಒಬ್ಬರೇ ಹೋದರೆ ಕೋಣೆಯ ಹೆಚ್ಚಿನ ಹೊರೆಯನ್ನು ಅವರೇ ಹೊರಬೇಕು. ಅದೇ ಕೋಣೆಗೆ ಮೂರನೆಯ, ನಾಲ್ಕನೆಯ ಮಂಚ ಹಾಕಿಸಿದರೆ ತಲೆಯೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಬಂದರು ಶುಲ್ಕ, ತೆರಿಗೆ, ಸೇವಕರ ಇನಾಮು ಇವು ಬೇರೆಯಾಗಿ ಬಂದು ಕೂಡಿಕೊಳ್ಳುವುದುಂಟು. ಊಟ ಬೆಲೆಯೊಳಗಿದ್ದರೂ ಪಾನೀಯ, ದಡದ ಸುತ್ತಾಟ, ನಡುಗಡಲಿನ ಇಂಟರ್ನೆಟ್ಟುಗಳಿಗೆ ಮತ್ತೆ ಹಣ. ಕಿಟಕಿಯಿಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಹಗಲೆಲ್ಲ ಮೇಲಿನ ಅಟ್ಟಣೆಯಲ್ಲಿ ನಿಂತು ಕಡಲು ನೋಡುವವರಿಗೆ ರಾತ್ರಿ ಮಲಗಲು ಅದು ಧಾರಾಳವಾಗಿ ಸಾಕು. ಶನಿವಾರ, ಭಾನುವಾರ, ಶಾಲೆಯ ರಜೆಗಳನ್ನು ಬಿಟ್ಟು ವಾರದ ನಡುವೆ ಹೊರಡುವ ಯಾನಗಳಿಗೆ ಬೆಲೆ ಇಳಿದಿರುವುದೂ ಉಂಟು.

ಆದರೆ ಸಂಪಿಗೆಯವರಿಗೆ ಹೆಚ್ಚು ಒಗ್ಗುವ ಹಡಗು ಬಹುಶಃ ಇನ್ನೊಂದು. ಕೇರಳದ ತೀರದಿಂದ ಪಶ್ಚಿಮಕ್ಕೆ 220ರಿಂದ 440 ಕಿಲೋಮೀಟರ್ ದೂರದಲ್ಲಿ ಚದರಿದ ಲಕ್ಷದ್ವೀಪಗಳಿಗೆ ಅಲ್ಲಿನ ಆಡಳಿತದ ಹಡಗುಗಳು ಕೊಚ್ಚಿಯಿಂದ ಸಂಚರಿಸುತ್ತವೆ. ದ್ವೀಪದ ಜನರನ್ನೂ ಸರಕನ್ನೂ ಸಾಗಿಸುವುದೇ ಅವುಗಳ ಮುಖ್ಯ ಕೆಲಸ. ಸುಮಾರು 700 ಪ್ರಯಾಣಿಕರನ್ನು ಹೊರಬಲ್ಲ ‘ಕವರತ್ತಿ’ ಎಂಬ ಹಡಗಿನಲ್ಲಿ ಪ್ರವಾಸಿಗರಿಗಾಗಿ ‘ಸಮುದ್ರಂ’ ಎಂಬ ಐದು ದಿನಗಳ ಯಾನವನ್ನು ಏರ್ಪಡಿಸುತ್ತ ಬಂದಿದ್ದಾರೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಈ ಮೂರು ದ್ವೀಪಗಳಲ್ಲಿ ಹಗಲು ಕಳೆಯುವುದು, ರಾತ್ರಿ ಹಡಗಿನಲ್ಲಿಯೇ ಮಲಗುವುದು ಅದರ ಕ್ರಮ. ಇದು ತೇಲುವ ಹೋಟೆಲಲ್ಲ. ಊರಿಗೆ ಮರಳುವ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೋಗಿ ಬರುವ ಮುದುಕರು, ಕೂಸನ್ನೆತ್ತಿದ ತಾಯಂದಿರು ಇಂಥ ಹಡಗುಗಳ ಸಹಪ್ರಯಾಣಿಕರು. ತಿಪಟೂರಿನ ಬಸ್ಸಿನಲ್ಲಿ ಕುಳಿತು ಬಲ್ಲವರಿಗೆ ಆ ಸಹವಾಸ ಪರಕೀಯವೆನಿಸದು.

ಇವೆಲ್ಲಕ್ಕಿಂತ ಮಿಗಿಲಾದ ಕಾರಣವೊಂದಿದೆ. ಒಟ್ಟು 32 ಚದರ ಕಿಲೋಮೀಟರ್ ನೆಲವುಳ್ಳ ಆ ದ್ವೀಪಗಳಲ್ಲಿ ಜನರು ನೆಚ್ಚಿದ ಬೆಳೆ ತೆಂಗು. 2011ರ ಜನಗಣತಿಯಂತೆ 64,473 ಜನರಿದ್ದ ಅಲ್ಲಿ ಮೀನಿನ ನಂತರ ಮಾತು ತೆಂಗಿನದೇ. ಕನ್ನಡ ನಾಡಿಗೂ ಅವಕ್ಕೂ ಹಳೆಯ ನಂಟುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನಿದಿವಿ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಸೇರಿ, ಕಾಲಾನಂತರ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದುವು. ದ್ವೀಪದವರು ತೆಂಗಿನ ನಾರನ್ನು ಹೊಸೆದು, ಹಾಯಿಯ ಓಡಗಳಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ, ಪ್ರತಿಯಾಗಿ ಅಕ್ಕಿಯನ್ನು ಪಡೆದು ಮರಳುತ್ತಿದ್ದರು. ನಾರಿನ ಬೆಲೆಯನ್ನು ಗೊತ್ತುಮಾಡುತ್ತಿದ್ದವರು ಅವರಲ್ಲ ಎಂಬುದನ್ನು ಕೇಳಿದರೆ ಸಂಪಿಗೆಯ ರೈತನಿಗೆ ತನ್ನ ಕಥೆಯನ್ನೇ ಕೇಳಿದಂತಾದೀತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ದ್ವೀಪಗಳೆಲ್ಲ ಒಟ್ಟುಗೂಡಿ ಕೇಂದ್ರಾಡಳಿತಕ್ಕೆ ಸೇರಿದುವು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂದಿತು.

ನಂಟು ಮನುಷ್ಯರದಷ್ಟೇ ಅಲ್ಲ, ಮರಗಳದೂ ಹೌದು. ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯು ಲಕ್ಷದ್ವೀಪದ ತೆಂಗಿನಿಂದ ಆಯ್ದು ‘ಚಂದ್ರಕಲ್ಪ’ ಎಂಬ ತಳಿಯನ್ನು ಒಳನಾಡಿನ ರೈತರಿಗೂ ಕೊಟ್ಟಿದೆ. ದ್ವೀಪದಲ್ಲಿ ಬೆಳೆಯುವ ಕಿರುಗಾಯಿಯ ಇನ್ನೊಂದು ತಳಿಯು ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದುದೆಂದು ತಜ್ಞರು ಗುರುತಿಸಿದ್ದಾರೆ. ಹೀಗೆ ನೋಡಿದರೆ ಸಂಪಿಗೆಯವರು ಅಲ್ಲಿಗೆ ಹೋಗುವುದು ಪ್ರವಾಸವೆನ್ನುವುದಕ್ಕಿಂತ ಬೀಗರ ಮನೆಯ ಭೇಟಿ.

ಭೇಟಿಗೆ ಮುನ್ನ ಕೆಲವು ಕೆಲಸಗಳಿವೆ. 1967ರ ನಿಯಮಗಳಂತೆ ದ್ವೀಪವಾಸಿಗಳಲ್ಲದವರು ಅಲ್ಲಿಗೆ ಕಾಲಿಡಲು ಪರವಾನಗಿ ಬೇಕು. ಗುರುತಿನ ಪತ್ರ, ಭಾವಚಿತ್ರ, ಪೊಲೀಸ್ ದೃಢೀಕರಣಗಳಿಗಾಗಿ ತಿಂಗಳುಗಳ ಮೊದಲೇ ಓಡಾಡಬೇಕು. ಮುಂಗಾರಿನಲ್ಲಿ ಆ ಕಡಲು ಉಗ್ರ. ಅಕ್ಟೋಬರಿನಿಂದ ಮೇ ತಿಂಗಳ ನಡುವಿನವರೆಗೆ ಸಂಚಾರಕ್ಕೆ ತಕ್ಕ ಕಾಲ. ಯಾನದ ದಿನಾಂಕ, ದರಗಳು ಋತುವಿನಿಂದ ಋತುವಿಗೆ ಬದಲಾಗುವುದರಿಂದ ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯನ್ನೇ ವಿಚಾರಿಸಿ ಹಣ ಕಟ್ಟಬೇಕು. ಹಡಗು ಯಾರಿಗೂ ಕಾಯುವುದಿಲ್ಲ. ಆದುದರಿಂದ ಬೆಂಗಳೂರಿನಿಂದ ರೈಲಿನಲ್ಲಿ ಎರ್ನಾಕುಲವನ್ನು ಒಂದು ದಿನ ಮುಂಚೆ ಸೇರಿ, ಆ ರಾತ್ರಿಯ ವಸತಿಯನ್ನೂ ಲೆಕ್ಕಕ್ಕೆ ಬರೆದುಕೊಳ್ಳುವುದು ಜಾಣತನ. ಸಸ್ಯಾಹಾರಿಗಳು ಆ ಮಾತನ್ನು ಹಣ ಕಟ್ಟುವಾಗಲೇ ತಿಳಿಸಬೇಕು; ದ್ವೀಪದ ಅಡುಗೆಯಲ್ಲಿ ಮೀನಿಗೆ ಅಗ್ರಸ್ಥಾನ.

ವಯಸ್ಸಾದವರಿದ್ದರೆ ಮತ್ತೊಂದು ಯೋಚನೆ ಅಗತ್ಯ. ಹವಳದ ದಿಬ್ಬ ಸುತ್ತುವರಿದ ಕಾರಣ ದ್ವೀಪದ ದಡದವರೆಗೆ ದೊಡ್ಡ ಹಡಗು ಹೋಗಲಾರದ ಕಡೆಗಳುಂಟು. ಅಲ್ಲಿ ಆಳ ನೀರಿನಲ್ಲಿ ಹಡಗು ನಿಂತು, ಪ್ರಯಾಣಿಕರು ಅದರ ಮಗ್ಗುಲಿನಿಂದ ಚಿಕ್ಕ ದೋಣಿಗೆ ದಾಟಬೇಕು. ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆಯಲ್ಲಿ, ನಾವಿಕನ ಕೈ ಹಿಡಿದು, ತಡಮಾಡದೆ ಕಾಲಿಡಬೇಕು. ಮಂಡಿನೋವಿನವರು ವೈದ್ಯರನ್ನು ಕೇಳಿ, ಹೆಜ್ಜೆಯ ಧೈರ್ಯವಿದ್ದರೆ ಮಾತ್ರ ಹೊರಡತಕ್ಕದ್ದು. ಮೊದಲ ರಾತ್ರಿ ತಲೆಸುತ್ತು, ವಾಕರಿಕೆಗಳು ಬರುವುದು ಸಹಜ. ಹಡಗಿನ ನಡುಭಾಗದ ಕೆಳಗಿನ ಕೋಣೆಗಳಲ್ಲಿ ಓಲಾಟ ಕಡಿಮೆ. ಹಗುರವಾದ ಊಟ, ಒಂದು ಚೂರು ಶುಂಠಿ, ದಿಗಂತದ ಮೇಲಿಟ್ಟ ದೃಷ್ಟಿ ಇವು ಹಲವರಿಗೆ ಸಮಾಧಾನ ಕೊಡುತ್ತವೆ.

ಕೊನೆಯ ಖರ್ಚೊಂದು ಯಾವ ಹಡಗಿನ ಕಂಪೆನಿಯ ಪಟ್ಟಿಯಲ್ಲಿಯೂ ಇರುವುದಿಲ್ಲ. ರೈಲಿನ ದಿನಗಳೂ ಸೇರಿ ಒಂದು ವಾರಕ್ಕೂ ಮೇಲ್ಪಟ್ಟು ಮನೆ ಬಿಟ್ಟಿರುವಾಗ ಎಮ್ಮೆಯ ಹಾಲು ಕರೆಯುವವರು ಯಾರು? ನಡುರಾತ್ರಿ ವಿದ್ಯುತ್ತು ಬಂದಾಗ ಪಂಪು ಹಾಕಿ ತೋಟಕ್ಕೆ ನೀರು ಹಾಯಿಸುವವರು ಯಾರು? ಮಗನೋ ಸೊಸೆಯೋ ಉಳಿಯಬೇಕು, ಇಲ್ಲವೆ ಆಳಿಗೆ ಕೂಲಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ಕಡಲು ಕಾಣದೆ ಉಳಿದುದಕ್ಕೆ ಹಣಕ್ಕಿಂತ ಈ ಪ್ರಶ್ನೆಯೇ ಕಾರಣವಾಗಿರಬೇಕು. ಮುಂದಿನ ವರ್ಷ ನೋಡೋಣವೆಂದು ಮುಂದೂಡುತ್ತ ಹೋದರೆ, ಕೊಬ್ಬರಿಯ ಬೆಲೆ ಮತ್ತೊಮ್ಮೆ ಏರಬಹುದು. ದೋಣಿಗೆ ದಾಟುವ ಕಾಲಿನ ಬಲ ಮತ್ತೊಮ್ಮೆ ಬರಲಾರದು. ಯೋಜನೆಯನ್ನು ಬರೆಯುವ ಪುಸ್ತಕದಲ್ಲಿ ಹಣದ ಅಂಕಣದ ಪಕ್ಕಕ್ಕೆ ವಯಸ್ಸಿನ ಅಂಕಣವೊಂದನ್ನೂ ಎಳೆಯಬೇಕಾದುದು ಇದಕ್ಕಾಗಿಯೇ.

ಎಲ್ಲ ಕೂಡಿಬಂದು ಹೊರಟವರು ಒಂದು ಬೆಳಗ್ಗೆ ಹಡಗಿನ ಮೇಲಟ್ಟಣೆಗೆ ಬಂದು ನಿಂತಾರು. ಸುತ್ತಲೂ ನೀರು, ದೂರದಲ್ಲಿ, ನೀರಿನಿಂದಲೇ ಎದ್ದಂತೆ, ಕಪ್ಪನೆಯ ಗೆರೆಯೊಂದು. ಹತ್ತಿರವಾದಂತೆ ಆ ಗೆರೆಗೆ ತಲೆಗಳು ಮೂಡುತ್ತವೆ, ಗರಿಗಳು ಬಿಚ್ಚುತ್ತವೆ. ಮಲ್ಲಾಘಟ್ಟದ ಕೆರೆಗಿಂತ ದೊಡ್ಡದೇ ಎಂದು ಕೇಳಿದ್ದ ಅಜ್ಜಿಗೆ ಆ ಹೊತ್ತಿನಲ್ಲಿ ಯಾರೂ ಉತ್ತರ ಹೇಳಬೇಕಾಗಿಲ್ಲ. ಅವಳ ಕಣ್ಣು ನೀರನ್ನು ಬಿಟ್ಟು ಮರಗಳ ಗೊನೆಗಳನ್ನು ಎಣಿಸತೊಡಗಿರುತ್ತದೆ.