ಹಳದಿಯಾದ ಮಗುವಿಗೆ ಹಾಲು ನಿಲ್ಲಿಸಬೇಡಿ

ನಮ್ಮ ಮನೆಗಳಲ್ಲಿ ಹುಟ್ಟಿದ ಮಗುವಿನ ಕಣ್ಣು ಹಳದಿ ಕಂಡರೆ ಮೊದಲ ದೂರು ತಾಯಿಯ ಹಾಲಿನ ಮೇಲೆ. "ಎರಡು ದಿನ ಹಾಲು ಬೇಡ, ಸಕ್ಕರೆ ನೀರು ಸಾಕು" ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ.

ಉಪ್ಪ ಅಂಗಡಿ ಇಟ್ಟ ಊರು ಅಕ್ಕಲಕೋಟೆ. ನಾನು ಡಿಪ್ಲೊಮಾ ಮುಗಿಸಿ ಸೋಲಾಪುರದ ಟವೆಲ್ ಮಿಲ್ಲೊಂದರಲ್ಲಿ ಮಗ್ಗಗಳ ರಿಪೇರಿ ನೋಡುತ್ತೇನೆ. ಹೆಂಡತಿಯ ತವರು ಉಳ್ಳಾಲ. ದೂರದ ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಮಗಳು ಮೂರು ವಾರ ಮೊದಲೇ ಹುಟ್ಟಿದಳು.

ಮೂರನೇ ದಿನ ಪಕ್ಕದ ಮನೆಯ ಅಜ್ಜಿ "ಕೂಸಿಗೆ ಕಾಮಣಿ ಆಗೇತಿ, ಹಾಲು ಬಿಡಿಸ್ರಿ" ಅಂದರು. ಅಂಗಡಿಯ ಗಿರಾಕಿಯೊಬ್ಬರು ಮರಾಠಿಯಲ್ಲಿ ಕಾವೀಳ ಎಂದು ಬೇರಿನ ಮಾಲೆ ಹೇಳಿದರು. ಉಮ್ಮ ಎಳೆಬಿಸಿಲಿಗೆ ಹಿಡಿಯೋಣ ಎಂದರು. ಹೆಂಡತಿ ಮಾತ್ರ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು: "ನನ್ನ ಹಾಲಿನಿಂದಲೇ ಆಯ್ತಾ?"

ನಾಲ್ಕನೇ ದಿನ ಮಗು ನಿದ್ದೆಯಿಂದ ಏಳದೆ ಹಾಲು ಚೀಪುವುದು ಕಡಿಮೆಯಾಯಿತು. ಸೋಲಾಪುರಕ್ಕೆ ಓಡಿದೆವು. ಬಿಲಿರುಬಿನ್ 17. ಮಕ್ಕಳ ಡಾಕ್ಟರ್, ತಾಯಿ ಏನು ತಿಂದಳೆಂದು ಕೇಳಲೇ ಇಲ್ಲ. ದಿನಕ್ಕೆ ಎಷ್ಟು ಸಲ ಹಾಲು, ಎಷ್ಟು ಸಲ ಮಲ, ಮೂತ್ರ ಎಂದು ಕೇಳಿದರು.

ಹಳೆಯ ರಕ್ತಕಣ ಒಡೆದಾಗ ಬಿಲಿರುಬಿನ್ ಹುಟ್ಟುತ್ತದೆ. ಎಳೆ ಮಗುವಿನ ಲಿವರ್ ನಿಧಾನ. ಅದು ಪಿತ್ತದ ಜೊತೆ ಕರುಳಿಗೆ ಇಳಿದು ಮಲದಲ್ಲಿ ಹೋಗಬೇಕು. ಹಾಲು ಸಾಲದಿದ್ದರೆ ಮಲ ಒಳಗೇ ಉಳಿದು, ಹಳದಿ ಮತ್ತೆ ರಕ್ತ ಸೇರುತ್ತದೆ. ಸಕ್ಕರೆ ನೀರು ಹೊಟ್ಟೆ ತುಂಬಿಸುತ್ತದೆ, ಹಾಲಿನ ಜಾಗ ಕಸಿಯುತ್ತದೆ, ಅಷ್ಟೆ. ಪೈಪಿನಲ್ಲಿ ಕೊಳೆ ನಿಂತರೆ ನೀರು ಬಂದ್ ಮಾಡುವವರುಂಟೇ?

ಎರಡು ದಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನಡಿ ಮಲಗಿಸಿದರು. ಎರಡೆರಡು ಗಂಟೆಗೆ ಪಾದ ತಿಕ್ಕಿ ಎಬ್ಬಿಸಿ ಹಾಲು ಕೊಡಬೇಕು. ದಿನಕ್ಕೆ 8ರಿಂದ 12 ಸಲ. ಚೀಪಲು ಸೋತಾಗ ಹೆಂಡತಿ ಹಾಲು ಹಿಂಡಿದಳು, ಉಮ್ಮ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದರು. ಆ ಕೈಚಳಕ ಯಾವ ನರ್ಸಿಗೂ ಇರಲಿಲ್ಲ. ಕಪ್ಪು ಮಲ ಹೋಗಿ ಸಾಸಿವೆ ಬಣ್ಣ ಬಂದ ದಿನ ವಾರ್ಡಿನಲ್ಲಿ ನಾವು ನಕ್ಕೆವು. ಬಿಲಿರುಬಿನ್ 11ಕ್ಕೆ ಇಳಿದಿತ್ತು.

ಉಮ್ಮನ ಬಿಸಿಲಿನ ಮಾತು ಪೂರ್ತಿ ಹುಸಿಯಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್, ಬಿಸಿಲು ಬಿದ್ದ ಕಡೆ ಮಗುವಿನ ಚರ್ಮದ ಹಳದಿ ಮಾಸಿದ್ದನ್ನು ಕಂಡವರು. 1958ರಲ್ಲಿ ಡಾ. ಕ್ರೆಮರ್ ತಂಡ ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿತು. ಆದರೆ ಅಂಗಳದ ಬಿಸಿಲಿಗೆ ಅಳತೆಯಿಲ್ಲ. ಸೋಲಾಪುರದ ಬಿಸಿಲನ್ನಂತೂ ಕೇಳಬೇಡಿ. ಅದನ್ನು ನಂಬಿ ಆಸ್ಪತ್ರೆ ತಡಮಾಡಬಾರದು. ಹಳದಿ ಮಿತಿಮೀರಿದರೆ ಮಿದುಳಿಗೂ ಕಿವಿಗೂ ಪೆಟ್ಟು.

ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಎಬ್ಬಿಸಿದರೂ ಹಾಲು ಕುಡಿಯದಿದ್ದರೆ ಆ ಹೊತ್ತಿಗೇ ಹೊರಡಿ, ಬೆಳಗಾಗಲಿ ಎನ್ನಬೇಡಿ. ಮಲ ಸುಣ್ಣದಂತೆ ಬಿಳಿಚಿದರೆ, ಎರಡು ವಾರ ಕಳೆದರೂ ಹಳದಿ ಉಳಿದರೆ ಮತ್ತೆ ತೋರಿಸಿ. ದಾರಿಯಲ್ಲೂ ಹಾಲು ಕೊಡುತ್ತಿರಿ.