ಹಳೆಯ ಡೋಜರನ್ನು ಕಂಡು ಬಂದ ಬಗೆ

ವಿಜಯಪುರ

ತೀರ್ಥರೂಪ ಸಮಾನರಾದ ಅಣ್ಣನವರಿಗೆ,

ತಮ್ಮ ಅಪ್ಪಣೆಯಂತೆ, ಮಾರಾಟಕ್ಕಿದ್ದ ಆ ಹಳೆಯ ಬುಲ್‌ಡೋಜರನ್ನು ನೋಡಲು ಅಥಣಿಯ ದಾರಿ ಹಿಡಿದು ತಿಕೋಟಾಕ್ಕೆ ಹೋಗಿದ್ದೆನು. ಊರು ಸಮೀಪಿಸುತ್ತಿದ್ದಂತೆ ದಾರಿಯ ಇಕ್ಕೆಲಗಳಲ್ಲಿಯೂ ದ್ರಾಕ್ಷಿಯ ತೋಟಗಳು, ಅವುಗಳ ನಡುನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1942ರ ಭೂ ಅಭಿವೃದ್ಧಿ ಯೋಜನೆಗಳ ಕಾಯಿದೆಯ ಮೇರೆಗೆ ಹೊಲಗಳಿಗೆ ಒಡ್ಡು ಹಾಕಿಸಿದ ಸಂಗತಿಯನ್ನು ತಾವೇ ನನಗೆ ಹೇಳಿದ್ದುಂಟು. ಅಂದು ಸಲಿಕೆ ಬುಟ್ಟಿಗಳಿಂದ ಸಾಗುತ್ತಿದ್ದ ಕೆಲಸವು ಇಂದು ಯಂತ್ರದ ಪಾಲಿಗೆ ಬಂದಿದೆ. ಕುರಿ ಮೇಯಿಸುವುದಕ್ಕಲ್ಲದೆ ಬೇರಾವುದಕ್ಕೂ ಒದಗದಿದ್ದ ಮಡ್ಡಿಯ ಗರಸನ್ನು ಸೀಳಿ, ಕಲ್ಲು ಸರಿಸಿ, ಎರೆಮಣ್ಣು ಹೇರಿ ಬಳ್ಳಿ ಹಬ್ಬಿಸಿದ ಈ ಜನರ ಛಲವನ್ನು ಕಂಡಾಗ, ನಮ್ಮ ಇಳಿಜಾರಿನ ಹೊಲಕ್ಕೂ ಇಂಥದೊಂದು ಯಂತ್ರವಿರಲೆಂಬ ತಮ್ಮ ಆಶೆಯು ಅಸಹಜವಲ್ಲವೆನಿಸಿತು.

ಯಂತ್ರವು ಬಿ.ಇ.ಎಂ.ಎಲ್. ಸಂಸ್ಥೆಯ ಕೋಲಾರ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ನಿರ್ಮಿತವಾದ ಡಿ-80. ಮೈಗೆ ಹೊಸ ಹಳದಿ ಬಣ್ಣ. ನಾವು ತಲುಪುವ ಮೊದಲೇ ಇಂಜಿನ್ನನ್ನು ಕಾಯಿಸಿಟ್ಟಿದ್ದರಾದ್ದರಿಂದ, ತಣ್ಣಗಿರುವಾಗ ಅದು ಎಷ್ಟು ತಿಣುಕುವುದೆಂಬುದು ತಿಳಿಯಲೆಂದು, ಅದು ಪೂರ್ತಿ ಆರುವವರೆಗೆ ಬೇವಿನ ನೆರಳಿನಲ್ಲಿ ಕಾದು ಕುಳಿತೆವು. ಬಬಲೇಶ್ವರದಿಂದ ನನ್ನೊಡನೆ ಬಂದಿದ್ದ ಮಿಸ್ತ್ರಿಯು ಮಾತ್ರ ಇಂಜಿನ್ನಿನ ಗೊಡವೆಗೇ ಹೋಗದೆ ನೆಲಕ್ಕೆ ಬಾಗಿ, "ಸಾಹೇಬ್ರ, ಬಣ್ಣಾ ನೋಡಬ್ಯಾಡ್ರಿ, ಚೈನ್ ನೋಡ್ರಿ" ಎಂದನು. ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಚೂಪಾಗಿದ್ದವು. ಪಿನ್ನು ಬುಷ್ಷುಗಳು ಸಡಿಲಗೊಂಡು ಚೈನು ಜೋತುಬಿದ್ದಿತ್ತು. ಕೆಳಗಿನ ರೋಲರುಗಳೆರಡರಿಂದ ಎಣ್ಣೆ ಜಿನುಗುತ್ತಿತ್ತು. ಡೋಜರಿನ ದುರಸ್ತಿಗೆ ತಗಲುವ ಹಣದಲ್ಲಿ ಸುಮಾರು ಅರ್ಧಪಾಲನ್ನು ಈ ಅಡಿಭಾಗವೇ ನುಂಗುವುದೆಂದೂ, ಹಿಮ್ಮುಖವಾಗಿ ಹೆಚ್ಚು ಓಡಿಸಿದಷ್ಟೂ ಬುಷ್ಷುಗಳ ಸವೆತವು ಬೇಗನೆ ಆಗುವುದೆಂದೂ, ಹಸಿ ಎರೆಮಣ್ಣು ರೋಲರುಗಳ ನಡುವೆ ಮೆತ್ತಿ ಒಣಗಿದರೆ ಕಲ್ಲಿಗಿಂತ ಕೇಡೆಂದೂ ಅವನು ವಿವರಿಸಿದನು. ಕೊನೆಗೆ ಇಂಜಿನ್ನು ಹತ್ತಿತು. ಆದರೆ ನೀಲಿಯ ಹೊಗೆ ನಿಲ್ಲಲೇ ಇಲ್ಲ, ಎಂದರೆ ಒಳಗೆ ಎಣ್ಣೆಯೇ ಉರಿಯುತ್ತಿದೆ. ಯಂತ್ರ ಓಡಿದ ಗಂಟೆಗಳನ್ನೆಣಿಸುವ ಮೀಟರು ನಿಂತುಹೋಗಿ ಎಷ್ಟು ಕಾಲವಾಯಿತೆಂದು ಕೇಳಿದ್ದಕ್ಕೆ ಮಾಲೀಕರು ಚಹಾ ತರಿಸಿದರು.

ಬಬಲೇಶ್ವರದ ಕಡೆ ವಿಚಾರಿಸಲಾಗಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಯಂತ್ರ ತರಿಸುವವರೇ ಬಹುಮಂದಿ. ಇಪ್ಪತ್ತು ಟನ್ನಿಗೆ ಕಡಿಮೆಯಿಲ್ಲದ ಈ ಉಕ್ಕಿನ ರಾಶಿಯು ಡಾಂಬರಿನ ಮೇಲೆ ನಡೆಯಲಾರದು. ಊರಿಂದೂರಿಗೆ ಒಯ್ಯಲು ಪ್ರತಿಸಲವೂ ಟ್ರೇಲರು ಬೇಕು. ವರ್ಷದಲ್ಲಿ ಕೆಲವೇ ವಾರಗಳ ಕೆಲಸವಿರುವ ನಮಗೆ ಉಳಿದ ತಿಂಗಳುಗಳಲ್ಲಿ ಅದು ಹಿತ್ತಲಲ್ಲಿ ತುಕ್ಕು ಹಿಡಿಯುವ ಬಿಳಿಯಾನೆಯೇ ಸರಿ.

ವಿಜಯಪುರಕ್ಕೆ ಮರಳಿ ಬಂದ ಸಂಜೆ ಇಲ್ಲಿಯ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪನ್ನು ನೋಡಿದೆನು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು 1854ರಲ್ಲಿ ಆಂಗ್ಲರು ಹರಾಜಿಗಿಟ್ಟಾಗ ಬಂದ ಸವಾಲು ಕೇವಲ 150 ರೂಪಾಯಿಯಂತೆ. ಆ ಮಾರಾಟವು ಆಮೇಲೆ ರದ್ದಾಯಿತೆಂಬುದು ನಮ್ಮ ಪುಣ್ಯ. ತಿಕೋಟಾದ ಮಾಲೀಕರು ಇಷ್ಟು ಉದಾರಿಗಳಲ್ಲ.

ಆದುದರಿಂದ ನನ್ನ ಅಭಿಪ್ರಾಯವು ಬೇಡವೆಂದೇ. ಬೇಸಗೆಯಲ್ಲಿ ಬಾಡಿಗೆಯ ಡೋಜರಿನಿಂದ ಒಡ್ಡುಗಳನ್ನು ಹಾಕಿಸೋಣ. ಮಾಲೀಕರು ತಮಗೆ ನೇರವಾಗಿ ಫೋನು ಮಾಡಿ ಬೆಲೆ ಇಳಿಸುವುದಾಗಿ ಹೇಳಬಹುದು. ನಾನು ಊರಿಗೆ ಬರುವವರೆಗೆ ದಯವಿಟ್ಟು ಸಂಚಕಾರವನ್ನು ಮಾತ್ರ ಕಳುಹಿಸಬಾರದು.

ಇತಿ ತಮ್ಮ ವಿಧೇಯ ತಮ್ಮ