ಘಟಪ್ರಭೆಯ ದಂಡೆಯಲ್ಲಿ ಹಳೆಯ ಗೆಳೆಯರು

ಬಾಗಲಕೋಟೆಗೆ ಹೊರಟವರು ಯಾವ ಬಾಗಲಕೋಟೆಗೆ ಎಂಬುದನ್ನು ಈಗ ಮೊದಲೇ ಹೇಳಬೇಕಾಗುತ್ತದೆ. ಗದಗಿನಲ್ಲಿ ಬಸ್ಸು ಹತ್ತಿದ ನಮ್ಮನ್ನು ನಿರ್ವಾಹಕರು "ಹಳೇ ಊರಿಗೋ, ನವನಗರಕ್ಕೋ?" ಎಂದು ಕೇಳಿದಾಗ ಕೂಡಲೇ ಉತ್ತರ ಹೊರಡಲಿಲ್ಲ. ನಾವು ಹೊರಟಿದ್ದುದು ನಾವು ಆಡಿ ಬೆಳೆದ ಓಣಿಗೆ. ಆ ಓಣಿಗೆ ಚೀಟಿ ಕೊಡುವ ಬಸ್ಸು ಈಗಿಲ್ಲ. "ಹಳೇ ಊರಿಗೆ" ಎಂದು ಹೇಳಿ ಹಣ ಕೊಟ್ಟೆವು.

1976ರಲ್ಲಿ ನಮ್ಮೊಡನೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತವರನ್ನು ಒಂದೆಡೆ ಸೇರಿಸಬೇಕೆಂಬ ಹಂಬಲ ಮೊದಲು ಹುಟ್ಟಿದ್ದು ನವನಗರದಲ್ಲಿ ನೆಲೆಸಿರುವ, ನಿವೃತ್ತ ಶಿಕ್ಷಕರಾದ ಒಬ್ಬ ಗೆಳೆಯರಿಗೆ. ಎರಡು ವರ್ಷಗಳ ಕಾಲ ಅವರು ಮನೆಮನೆ ವಿಚಾರಿಸಿ, ಸೊಲ್ಲಾಪುರ, ಪುಣೆ, ಬೆಳಗಾವಿಗಳಿಗೆ ಫೋನು ಮಾಡಿ ಹನ್ನೊಂದು ಜನರನ್ನು ಹುಡುಕಿ ತೆಗೆದರು. ಐವರು ಲಿಂಗೈಕ್ಯರಾಗಿದ್ದರು. ಇಬ್ಬರ ಸುಳಿವೇ ಸಿಗಲಿಲ್ಲ. ಹೋಳಿ ಹುಣ್ಣಿಮೆಯ ಮುನ್ನಾದಿನ ಕೂಡುವುದೆಂದು ನಿಶ್ಚಯವಾಯಿತು. ಬಾಗಲಕೋಟೆಯವರಿಗೆ ಹೋಳಿಗಿಂತ ಮಿಗಿಲಾದ ಕರೆಯೋಲೆ ಬೇರೆ ಬೇಕಾಗಿಲ್ಲ.

ಊರಿನ ಸಂಗತಿಯನ್ನು ಅರಿಯದ ಓದುಗರಿಗಾಗಿ ನಾಲ್ಕು ಮಾತು. ಶಾಸನಗಳಲ್ಲಿ ಬಾಗಡಿಗೆ ಎಂದು ಕರೆಸಿಕೊಂಡ ಈ ಊರು ಘಟಪ್ರಭೆಯ ದಂಡೆಯಲ್ಲಿದೆ. 1997ರವರೆಗೆ ಇದು ಅಂದಿನ ಬಿಜಾಪುರ ಜಿಲ್ಲೆಯ ಒಂದು ತಾಲ್ಲೂಕು ಸ್ಥಳ. ಆ ವರ್ಷ ತಾನೇ ಜಿಲ್ಲೆಯಾಯಿತು. ನಮ್ಮ ಸಮಾಜದ ಹಿರಿಯರು 1906ರಲ್ಲಿಯೇ ಇಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಆಣೆಕಟ್ಟಿನ ಅಡಿಗಲ್ಲು ಇರಿಸಿದಾಗ ನಾವು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಆ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರವನ್ನೇರಿ ನಮ್ಮ ಓಣಿಗೆ ಬರುವುದೆಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. 1983ರಲ್ಲಿ ಹೊಸ ಪಟ್ಟಣಕ್ಕಾಗಿ ಪ್ರಾಧಿಕಾರದ ಕಾಯಿದೆ ಬಂದಿತು. ಆಮೇಲೆ ಊರಿನ ಮಾತೆಲ್ಲ ಮೀಟರುಗಳಲ್ಲಿ ನಡೆಯತೊಡಗಿತು. "ನಿಮ್ಮ ಮನಿ ಎಷ್ಟು ಮೀಟರಿನಾಗ ಬರತೈತಿ?" ಎಂಬುದು ಬೀಗರು ಬಂದಾಗ ಕೇಳುವ ಪ್ರಶ್ನೆಯಾಯಿತು. ಕೊನೆಗೆ ಜಲಾಶಯದ ನೀರು 519.6 ಮೀಟರಿಗೆ ನಿಂತಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. 2010ರಲ್ಲಿ ನ್ಯಾಯಾಧಿಕರಣವು 524.256 ಮೀಟರಿಗೆ ಎತ್ತರಿಸಲು ಸಮ್ಮತಿಸಿದ್ದರಿಂದ ಹಳೆಯ ಊರಿನಲ್ಲಿ ಉಳಿದವರು ಮತ್ತೆ ಮೀಟರಿನ ಲೆಕ್ಕ ಹಾಕುವಂತಾಯಿತು.

ಮಾರ್ಚ್ ತಿಂಗಳಾದುದರಿಂದ ನೀರು ಒಂದಿಷ್ಟು ಹಿಂದೆ ಸರಿದಿತ್ತು. ದಂಡೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಲ್ಲಿ ಬುನಾದಿಯ ಕಲ್ಲುಸಾಲು, ಒಂದು ಒಳಕಲ್ಲು, ಅರ್ಧ ಹೂತ ಹೊಸ್ತಿಲು ಕಾಣುತ್ತಿದ್ದವು. ನಾವೆಲ್ಲರೂ ಚಪ್ಪಲಿ ಕಳೆದು ಕೈಯಲ್ಲಿ ಹಿಡಿದು ಇಳಿದೆವು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಇಲ್ಲಿ ಬೇವಿನ ಗಿಡ, ಇಲ್ಲಿ ಹಿಟ್ಟಿನ ಗಿರಣಿ, ಇಲ್ಲಿ ಬಳೆಗಾರನ ಮನೆ ಎಂದು ಒಬ್ಬೊಬ್ಬರು ಒಂದೊಂದು ಕಡೆ ಕೈ ಮಾಡಿದರು. ಗಿರಣಿಯು ಬೇವಿನ ಗಿಡದ ಬಲಕ್ಕೋ ಎಡಕ್ಕೋ ಎಂಬ ವಿಷಯದಲ್ಲಿ ಸೊಲ್ಲಾಪುರದಿಂದ ಬಂದ ನೇಕಾರ ಮನೆತನದ ಗೆಳೆಯರಿಗೂ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಿಗೂ ಎಷ್ಟು ಜೋರಾಗಿ ವಾದ ಹತ್ತಿತೆಂದರೆ, ದನ ಮೇಯಿಸುತ್ತಿದ್ದ ಹುಡುಗನೊಬ್ಬ ಏನೋ ಜಗಳವಾಗಿದೆಯೆಂದು ಓಡಿ ಬಂದ. ಅವನಿಗೆ ಅದು ಹುಟ್ಟಿದಾಗಿನಿಂದಲೂ ಕೆರೆಯ ದಂಡೆ. ಗಿಡವೂ ಇಲ್ಲ, ಗಿರಣಿಯೂ ಇಲ್ಲ. ಮುದುಕರು ಬಡಿದಾಡುವುದೇಕೆಂದು ಅವನಿಗೆ ತಿಳಿಯದೆ ಹೋದದ್ದು ಸಹಜ.

ಮಾತಿಗೆ ಮಾತು ಬೆಳೆಯಿತು. ಕಾರ್ಖಾನೆಯ ಭೋಂಗಾ ಕೂಗಿದೊಡನೆ ಅವ್ವಂದಿರು ರೊಟ್ಟಿಯ ಹೆಂಚು ಇಡುತ್ತಿದ್ದುದು. ಮೀಟರ್ ಗೇಜಿನ ಪುಟ್ಟ ಗಾಡಿಯ ಹೊಗೆಯಿಂದ ಕಣ್ಣಿಗೆ ಕಿಡಿ ಬಿದ್ದದ್ದು. ಬ್ರಿಟಿಷರ ಕಾಲದ ಮುಚಖಂಡಿ ಕೆರೆಯಲ್ಲಿ ಈಸು ಬಿದ್ದು, ವೀರಭದ್ರೇಶ್ವರನ ಗುಡಿಯ ಕಟ್ಟೆಯ ಮೇಲೆ ಅಂಗಿ ಒಣಗಿಸಿಕೊಂಡು, ಏನೂ ಅರಿಯದವರಂತೆ ಮನೆಗೆ ಬಂದದ್ದು. ಹೋಳಿಯ ವಿಷಯ ಬಂದಾಗಲಂತೂ ಎಲ್ಲರ ವಯಸ್ಸೂ ಇಳಿಯಿತು. ಶಿವರಾತ್ರಿ ಮುಗಿದ ಮರುದಿನದಿಂದಲೇ ಹಲಗೆಯ ಸದ್ದು. ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಓಣಿಗಳ ಮೇಲಾಟ, ತುರಾಯಿ ಹಲಗೆ, ನಿಶಾನೆ, ರಾತ್ರಿಯ ಸೋಗಿನ ಬಂಡಿ, ಆಮೇಲೆ ಪೀಪಾಯಿಗಳಲ್ಲಿ ಬಣ್ಣ ತುಂಬಿಕೊಂಡು ಓಣಿಯಿಂದ ಓಣಿಗೆ ನುಗ್ಗುವ ಬಂಡಿಗಳು. ಮಠದ ಶಿಸ್ತಿಗೆ ಬಿದ್ದ ಮೇಲೆ ನಾವು ಬಣ್ಣ ಆಡಿಲ್ಲ. ಆದರೂ ದೂರದಲ್ಲಿ ಎಲ್ಲೋ ಹಲಗೆ ಬಡಿದರೆ ಇಂದಿಗೂ ಬೆರಳು ತಾವಾಗಿಯೇ ತೊಡೆಯ ಮೇಲೆ ಆಡುತ್ತವೆ.

ಮಧ್ಯಾಹ್ನದ ಪ್ರಸಾದ ನವನಗರದಲ್ಲಿ, ಶಿಕ್ಷಕ ಗೆಳೆಯರ ಮನೆಯಲ್ಲಿ. ನವನಗರದ ರಸ್ತೆಗಳು ಅಗಲವಾಗಿವೆ, ಗಿಡಗಳು ಬೆಳೆದು ನೆರಳು ಕೊಟ್ಟಿವೆ, ನೀರಿಗೆ ಕೊರತೆಯಿಲ್ಲ. ಸುಮ್ಮನೆ ದೂರುವುದು ಸಲ್ಲದು. ಆದರೆ ಇಲ್ಲಿ ಓಣಿಗಳಿಗೆ ಹೆಸರಿನ ಬದಲು ಸೆಕ್ಟರಿನ ಸಂಖ್ಯೆ. "ಇಪ್ಪತ್ತು ವರ್ಷ ಆತು, ಇನ್ನೂ ನಮ್ಮ ಅವ್ವನ ಕನಸಿನ್ಯಾಗ ಹಳೇ ಮನೀನಽ ಬರತೈತಂತ," ಎಂದರು ಮನೆಯ ಯಜಮಾನರು.

ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹೋಳಿಗೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೆವು. ಬೆಳಿಗ್ಗೆ "ಶರಣ್ರೀ" ಎಂದು ಬಹುವಚನದಲ್ಲಿ ಆರಂಭಿಸಿದವರೆಲ್ಲ ಅಷ್ಟರಲ್ಲಿ "ಲೇ" ಎನ್ನುವಷ್ಟು ಹತ್ತಿರವಾಗಿದ್ದರು. ನಮ್ಮ ಕಾವಿ ಶಾಲನ್ನೂ ಲೆಕ್ಕಿಸಲಿಲ್ಲ. ಒಬ್ಬರು ಮಾತ್ರ ನಮಗೆ ಇನ್ನೂ "ನೀವು" ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ನೆಲೆಸಿದವರು. ನದಿಯ ಕಡೆಯ ಕೇರಿಯಿಂದ ನಮ್ಮ ಶಾಲೆಗೆ ಬರುತ್ತಿದ್ದವರು. ದಂಡೆಯಲ್ಲಿಯೂ ಅವರು ಹೆಚ್ಚು ಮಾತಾಡಿರಲಿಲ್ಲ. ಮೊದಲು ಮುಳುಗಿದ್ದು ಅವರ ಕೇರಿ; ಅವರು ಕೈ ಮಾಡಿ ತೋರಿಸುವಷ್ಟು ಹತ್ತಿರದಲ್ಲಿ ಅದರ ಗುರುತೊಂದೂ ನೀರಿನಿಂದ ಹೊರಗೆ ಬಂದಿರಲಿಲ್ಲ.

ಮಾತು 1972ರ ಬರಗಾಲಕ್ಕೆ ಬಂದಿತು. ಘಟಪ್ರಭೆಯ ಉಸುಕಿನಲ್ಲಿ ವರ್ತಿ ತೋಡಿ, ಚಿಪ್ಪಿನಿಂದ ನೀರು ಮೊಗೆದು ಕೊಡ ತುಂಬಿಸುತ್ತಿದ್ದ ದಿನಗಳು. ಇಲ್ಲಿ ನಾವು ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಆ ಬರದ ಒಂದು ಮಧ್ಯಾಹ್ನ ಉಸುಕು ತೋಡಲು ನಮಗೆ ನೆರವಾದ ಸಹಪಾಠಿಯೊಬ್ಬ ಬಿಸಿಲಲ್ಲಿ ಬಳಲಿ ನಮ್ಮ ಮನೆಯ ಕಟ್ಟೆಗೆ ಬಂದುದು, ಹನಿ ನೀರಿಗೂ ತತ್ವಾರವಿದ್ದ ಆ ದಿನ ನಾವು ಅವನಿಗೆ ತಂಬಿಗೆ ತುಂಬ ನೀರು ಕೊಟ್ಟುದು ನಮಗೆ ಚೆನ್ನಾಗಿ ನೆನಪಿದೆ. ದಾಸೋಹದ ವಿಷಯವಾಗಿ ಪ್ರವಚನ ಮಾಡುವಾಗ ಎಷ್ಟೋ ಊರುಗಳಲ್ಲಿ ಈ ಪ್ರಸಂಗವನ್ನು ನಾವು ಹೇಳಿದ್ದುಂಟು. ಕೇಳಿದ ತಾಯಂದಿರು ಕಣ್ಣೊರೆಸಿಕೊಂಡದ್ದೂ ಉಂಟು. ಅಂದು ಪಂಕ್ತಿಯಲ್ಲಿ ಕುಳಿತು, ಆ ಹುಡುಗ ಇವರೇ ಎಂದು ಸಂತೋಷದಿಂದ ಎಲ್ಲರಿಗೂ ತೋರಿಸಿ, ಮತ್ತೊಮ್ಮೆ ಅದನ್ನು ಹೇಳಿದೆವು.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಆ ಪ್ರವಚನ ನಾ ಕೇಳೀನ್ರಿ," ಎಂದರು. "ಹುಬ್ಬಳ್ಳಿಯಾಗ, ಶ್ರಾವಣದಾಗ. ಕಡೀ ಸಾಲಿನಾಗ ಕುಂತಿದ್ದೆ. ನನ್ನ ಮಗಳೂ ಇದ್ದಳು. ನಡುವಽ ಎದ್ದು ಹೋದೆ."

ನಮಗೆ ಅರ್ಥವಾಗಲಿಲ್ಲ. ಬಂದು ಭೆಟ್ಟಿಯಾಗಬಾರದಿತ್ತೇ ಎಂದು ಕೇಳಿದೆವು.

"ತಂಬಿಗಿ ಕೊಟ್ಟೆ ಅಂತ ಹೇಳ್ತಿ. ತಂಬಿಗಿ ನನ್ನ ಕೈಯಾಗ ಕೊಟ್ಟಿಲ್ಲ ನೀ. ನಾ ಕಟ್ಟಿ ಕೆಳಗ ಬೊಗಸಿ ಹಿಡದು ನಿಂತಿದ್ದೆ. ನೀ ಮ್ಯಾಲಿಂದ ಹೊಯ್ದಿ."

ಅಂದಿನ ದಿನದಲ್ಲಿ ಅವರು ನಮ್ಮನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾವು ತಡಬಡಿಸಿದೆವು. ನಮ್ಮ ಆಯಿ ಹಳೆಯ ಕಾಲದವರು, ಮಡಿ-ಮೈಲಿಗೆ ಬಹಳ, ಅವರ ಎದುರಿನಲ್ಲಿ ಬೇರೆ ರೀತಿ ನಡೆಯುವಂತಿರಲಿಲ್ಲ ಎಂದೆವು.

"ಆಯಿ ಅವತ್ತು ಮನ್ಯಾಗ ಇರಲಿಲ್ಲಪಾ. ಜಾತ್ರಿಗೆ ಹೋಗಿದ್ರು. ನೀ ಒಬ್ಬಾವನಽ ಇದ್ದಿ. ಯಾರೂ ನೋಡತಿರಲಿಲ್ಲ. ಆದ್ರೂ ಎತ್ತಿ ಹಿಡದಿ." ಸ್ವಲ್ಪ ಹೊತ್ತು ಬಿಟ್ಟು, "ಹುಣ್ಣಿವಿ ದಿನ ಕಾಮನ ಬೆಂಕಿಗೆ ಮಾತ್ರ ಹಲಗಿ ಬಡಕೊಂತ ನಮ್ಮ ಬಾಗಿಲಿಗೇ ಬರತಿದ್ರಿ. ನಮ್ಮ ಮನಿ ಬೆಂಕಿ ನಡೀತಿತ್ತು," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಮಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

ಕಾಮದಹನಕ್ಕೆ ಕೇರಿಯ ಮನೆಯಿಂದ ಬೆಂಕಿ ತರುವ ಪದ್ಧತಿ ನಮ್ಮ ಭಾಗದ ಅನೇಕ ಊರುಗಳಲ್ಲಿದೆ. ಹಿಂದಿನವರ ಉದಾರತೆಗೆ ಅದೇ ಸಾಕ್ಷಿಯೆಂದು ನಾವು ಬರೆದದ್ದೂ ಇದೆ. ಹರಳಯ್ಯ ಮಧುವರಸರ ಮನೆಗಳ ಸಂಬಂಧಕ್ಕಾಗಿ ಕಲ್ಯಾಣದಲ್ಲಿ ಹರಿದ ರಕ್ತದ ಕಥೆಯನ್ನು ನಲವತ್ತು ವರ್ಷ ಹೇಳುತ್ತ ಬಂದವರಿಗೆ, ತಮ್ಮದೇ ಕೈಯಲ್ಲಿದ್ದ ತಂಬಿಗೆ ಎಷ್ಟು ಎತ್ತರದಲ್ಲಿತ್ತೆಂಬುದು ಮರೆತುಹೋಗಿತ್ತು. ಮರೆತಿತ್ತು ಎನ್ನುವುದೂ ಸರಿಯಲ್ಲವೇನೋ. ಎತ್ತರವನ್ನು ಬಿಟ್ಟು ನೀರನ್ನಷ್ಟೇ ನೆನಪಿನಲ್ಲಿ ಇರಿಸಿಕೊಂಡಿದ್ದೆವು.

ಪಂಕ್ತಿ ಕೆಲವು ಕ್ಷಣ ಮೌನವಾಯಿತು. ಒಬ್ಬರು ಈ ಸಲದ ಕಡಲೆಯ ಧಾರಣೆಯ ಮಾತು ತೆಗೆದರು. ನೇಕಾರ ಗೆಳೆಯರು ಮಾತ್ರ ತಲೆ ಎತ್ತದೆ, "ನಮ್ಮ ಮನ್ಯಾಗೂ ಹಂಗಽ ಇತ್ತು ಬಿಡೋ," ಎಂದರು. ಮನೆಯ ತಾಯಿಯವರು ಬಂದು ಎಲ್ಲರಿಗೂ ಮೊಸರು ಬಡಿಸಿದರು.

ಮರುದಿನ ಬೆಳಗಿನ ಜಾವ, ಊರಲ್ಲಿ ಬಣ್ಣದ ಗದ್ದಲ ಏಳುವ ಮೊದಲೇ, ಮೊದಲು ನಿಶ್ಚಯಿಸಿದಂತೆ ಒಂದು ವಾಹನ ಮಾಡಿಕೊಂಡು ಕೂಡಲಸಂಗಮಕ್ಕೆ ಹೊರಟೆವು. ಏಳು ಜನ ಬಂದರು. ಬ್ಯಾಂಕಿನ ಗೆಳೆಯರು ಬರಲಾರರೆಂದು ನಾವು ತಿಳಿದಿದ್ದೆವು. ಅವರೇ ಎಲ್ಲರಿಗಿಂತ ಮೊದಲು ಬಂದು ವಾಹನದ ಬಳಿ ನಿಂತಿದ್ದರು.

ಕೃಷ್ಣೆ ಮಲಪ್ರಭೆಯರು ಕೂಡುವ ಆ ತಾಣವನ್ನು ನಮ್ಮ ಓದುಗರಲ್ಲಿ ನೋಡದವರು ವಿರಳ. ಬಾಲಕ ಬಸವಣ್ಣನವರು ಓದಿದ್ದು ಅಲ್ಲಿ, ಐಕ್ಯವಾದದ್ದೂ ಅಲ್ಲಿ. ಅಲ್ಲಿಗೂ ನೀರು ಬಂದಿದೆ. ಅದು ಆಲಮಟ್ಟಿಯದಲ್ಲ, ಕೆಳಗಿನ ನಾರಾಯಣಪುರದ ಬಸವಸಾಗರದ್ದು. ಐಕ್ಯ ಮಂಟಪ ಮುಳುಗದಿರಲೆಂದು ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದ್ದಾರೆ. ಜಲಾಶಯ ತುಂಬಿದಾಗ ಹೊರಗಿನ ನೀರು ಒಳಗೆ ನಿಂತವರ ತಲೆಗಿಂತ ಬಹಳ ಮೇಲಿರುತ್ತದೆ. ಮೊಣಕಾಲ ನೋವಿನಿಂದಾಗಿ ನಾವು ಒಂದೊಂದೇ ಮೆಟ್ಟಿಲಿಗೆ ನಿಂತು ಇಳಿಯುತ್ತಿದ್ದೆವು. ಅರ್ಧಕ್ಕೆ ಬಂದಾಗ ಆ ಗೆಳೆಯರು ಹಿಂದಿನಿಂದ ಬಂದು ತೋಳು ಹಿಡಿದರು. ಕೆಳಗೆ ತಲುಪುವವರೆಗೂ ಇಬ್ಬರೂ ಮಾತಾಡಲಿಲ್ಲ.

ಮೇಲೆ ಬಂದು ನದಿಯ ಕಡೆ ಕುಳಿತಾಗ, ಆ ಪ್ರಸಂಗವನ್ನು ಇನ್ನು ಮುಂದೆ ಪ್ರವಚನದಲ್ಲಿ ಹೇಳುವುದಿಲ್ಲವೆಂದು ಅವರಿಗೆ ತಿಳಿಸಿದೆವು.

"ಯಾಕ ಬಿಡ್ತಿ? ಹೇಳು," ಎಂದರು. "ಪೂರಾ ಹೇಳು."

ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆವು. ಹೆಸರು ಬೇಡ, ಉಳಿದದ್ದೆಲ್ಲ ಬರೆ ಎಂದರು. ಆಮೇಲೆ ಅವರ ಕೇರಿಯ ಮಾತು ಬಂದಿತು. ನಾವು ದಿನವೂ ದೂರದಿಂದ ನೋಡುತ್ತಿದ್ದರೂ ಒಳಗೆ ಕಾಲಿಡದಿದ್ದ ಆ ಕೇರಿಯಲ್ಲಿ ಎಷ್ಟು ಮನೆಗಳಿದ್ದವು, ಯಾರ ಮನೆಯ ಮುಂದೆ ಹುಣಸೆ ಗಿಡವಿತ್ತು, ಹಲಗೆಗೆ ಚರ್ಮ ಬಿಗಿಯುತ್ತಿದ್ದ ಅವರ ಮುತ್ಯಾ ಯಾವ ಕಲ್ಲಿನ ಮೇಲೆ ಕೂಡುತ್ತಿದ್ದರು, ಕಾಮನ ಬೆಂಕಿ ಕೇಳಲು ಬಂದವರಿಗೆ ಅವರ ಅವ್ವ ಯಾವ ಒಲೆಯ ಕೆಂಡ ಕೊಡುತ್ತಿದ್ದರು ಎಂಬುದನ್ನೆಲ್ಲ ಉಸುಕಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ನೇಕಾರ ಗೆಳೆಯರು ಹುಣಸೆ ಗಿಡ ಎಡಕ್ಕಲ್ಲ, ಬಲಕ್ಕೆ ಎಂದರು. ಮತ್ತೆ ವಾದ ಹತ್ತಿತು.

ಮುಂದಿನ ವರ್ಷ ಹೋಳಿಯ ಮುನ್ನಾದಿನ ಹುಬ್ಬಳ್ಳಿಯಲ್ಲಿ, ಅವರ ಮನೆಯಲ್ಲಿ ಕೂಡುವುದೆಂದು ಗೊತ್ತಾಗಿದೆ. ಅವರ ಮನೆಯ ತಾಯಿಯವರು ಈಗಲೇ ಫೋನು ಮಾಡಿ, ಎಷ್ಟು ಜನ ಬರುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಕೇಳಿ ಬರೆದುಕೊಂಡಿದ್ದಾರೆ. ಸುಳಿವು ಸಿಗದ ಇಬ್ಬರಲ್ಲಿ ಒಬ್ಬರು ಇಳಕಲ್ಲಿನ ಕಡೆ ಇದ್ದಾರೆಂದು ಯಾರೋ ಹೇಳಿದ್ದಾರಂತೆ. ಶಿಕ್ಷಕ ಗೆಳೆಯರು ಬರುವ ಸೋಮವಾರ ಹುಡುಕಲು ಹೊರಡುವವರಿದ್ದಾರೆ.